ಕಪ್ ತೊಳೆಯುವವರ ಪಟ್ಟಿ

೨೦೦೬ರ ಮಾರ್ಚ್, ಒಂದು ಶುಕ್ರವಾರ. ಸಂಜೆ ಐದಕ್ಕೆ ಹದಿನೈದು ನಿಮಿಷ ಇತ್ತು. ಸ್ಥಳ, ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ನಾವಿದ್ದ ಕಟ್ಟಡದ ನೆಲಮಾಳಿಗೆ. ಹಾಜರಿದ್ದವರು ಎರಡನೇ ಮಹಡಿಯ ಇಂಗ್ಲಿಷ್ ಟೀಚರ್, ನಾಲ್ಕನೇ ಮಹಡಿಯ ಬ್ಯಾರಿ ಸಾಹೇಬರು, ಹೊಲಿಗೆ ಕಲಿಯುವ ಮೂವರು ಹೆಂಗಸರು, ಓದಲು ಕುಳಿತ ಹನ್ನೊಂದು ಮಕ್ಕಳು, ಮತ್ತು ನರ್ಸಾಗಿದ್ದ ನಾನು.

ಟೀಚರ ಅಂಗಿಯ ತೋಳು ಮೊಣಕೈಯಿಂದ ಕೆಳಗೆ ಇಳಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೂರು ಮಡಿಕೆ, ಇಸ್ತ್ರಿ ಹೊಡೆದ ಹಾಗೆ. ಅದರ ಕೆಳಗೆ ಬಿಸಿನೀರಿನಲ್ಲಿ ಸದಾ ಕೆಂಪೇರಿದ ಎರಡು ದೊಡ್ಡ ಕೈಗಳು. ಅರವತ್ತು ದಾಟಿದ ಹೆಂಗಸು. ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ನೆಲಮಾಳಿಗೆಯ ಗೋಡೆಯ ಮೊಳೆಗಳಿಗೆ ತೂಗುಹಾಕಿದ ಕಪ್ಪುಗಳ ಹಿಡಿಗಳೆಲ್ಲ ಒಂದೇ ಕಡೆಗೆ ಇರಬೇಕು. ಒಂದು ತಿರುಗಿದ್ದರೂ ನಡೆಯುತ್ತಲೇ ಕೈಚಾಚಿ ಸರಿ ಮಾಡುತ್ತಿದ್ದರು.

ಅವರ ಊರು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ. ನಾನು ಅದನ್ನು ನೋಡಿಲ್ಲ, ಆದರೆ ಕಣ್ಣುಮುಚ್ಚಿ ನಡೆದಾಡಬಲ್ಲೆ. ನಲವತ್ತು ಚಿಲ್ಲರೆ ಮನೆ. ಬಾತುಕೋಳಿಗಳ ಕೆರೆ. ಒಂದು ಇಗರ್ಜಿ, ಒಂದು ಪಬ್, ಅಂಚೆ ಕೆಲಸವನ್ನೂ ಮಾಡುವ ಒಂದು ಅಂಗಡಿ. ಬಸ್ಸು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಇವೆಲ್ಲದರ ನಡುವೆ, ತಗಡಿನ ಮಾಡಿನ ಊರಹಾಲ್. ಹೆಣ್ಣುಮಕ್ಕಳ ಹೊಲಿಗೆ, ಮುದುಕರ ಇಸ್ಪೀಟು, ತಿಂಗಳಿಗೊಮ್ಮೆ ಡಾಕ್ಟರು, ಮದುವೆಯ ಊಟ, ಸತ್ತವರನ್ನು ಮಣ್ಣು ಮಾಡಿ ಬಂದವರಿಗೆ ಚಹಾ, ಎಲ್ಲವೂ ಅಲ್ಲೇ.

"ಅಂಗಡಿ ಮುಚ್ಚಿದರೆ ಮುಂದಿನ ಊರಿಗೆ ನಡೆದುಕೊಂಡು ಹೋಗಬಹುದು, ಸಿಸ್ಟರ್. ಹಾಲ್ ಮುಚ್ಚಿದರೆ ಪಕ್ಕದ ಮನೆಯವರ ಹೆಸರೇ ಮರೆತುಹೋಗುತ್ತದೆ," ಎನ್ನುತ್ತಿದ್ದರು.

ಆ ಶುಕ್ರವಾರಕ್ಕೆ ಎರಡು ವರ್ಷ ಮೊದಲು ನಮ್ಮ ಕಟ್ಟಡದ ಗತಿಯೂ ಹಾಗೆಯೇ ಇತ್ತು. ಏಳು ವರ್ಷ ಎದುರುಬದುರು ಇದ್ದವರು ಲಿಫ್ಟಿನಲ್ಲಿ ಮುಖ ನೋಡದೆ ನಿಲ್ಲುತ್ತಿದ್ದೆವು. ಬೇಸಿಗೆಯಲ್ಲಿ ಮಕ್ಕಳು ಮೆಟ್ಟಿಲ ಮೇಲೆ ಕುಳಿತರೆ ಕಾವಲುಗಾರ ಗದರಿಸಿ ಎಬ್ಬಿಸುತ್ತಿದ್ದ. ಒಂದು ದಿನ ಟೀಚರ್ ಅವನಿಂದ ನೆಲಮಾಳಿಗೆಯ ಬೀಗ ತೆಗೆಸಿದರು. ಮುರಿದ ಕೂಲರು, ಹರಿದ ಹಾಸಿಗೆಗಳನ್ನು ಹೊರಹಾಕಲು ನಮಗೆ ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಕಪಾಟಿಗೆ ಪುಸ್ತಕ, ಮೂಲೆಗೆ ಹೊಲಿಗೆ ಯಂತ್ರ, ಸಿಂಕಿನ ಮೇಲೆ ಒಂದು ಪಟ್ಟಿ ಬಂತು. ಯಾವ ದಿನ ಯಾರು ಕಪ್ ತೊಳೆಯಬೇಕು ಎಂಬ ಪಟ್ಟಿ. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಡ್ಯೂಟಿ ಪಟ್ಟಿ ಬರೆದವಳು ನಾನು. ಅಷ್ಟು ಚೊಕ್ಕ ಪಟ್ಟಿ ನನ್ನದೂ ಆಗಿರಲಿಲ್ಲ. ಬರಲಾಗದವರು ಬದಲಿ ಹುಡುಕಿ, ಆ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಸುದ್ದಿ ಬಂತು: ಕಟ್ಟಡದ ಮಾಲೀಕರು ನೆಲಮಾಳಿಗೆಯನ್ನು ಕಾರ್ಪೆಟ್ ವ್ಯಾಪಾರಿಗೆ ಗೋದಾಮಾಗಿ ಕೊಡುತ್ತಾರಂತೆ. ಟೀಚರ್ ಪತ್ರ ಬರೆದರು. ಶುಕ್ರವಾರ ಐದಕ್ಕೆ ಬಂದು ನೋಡಿ ತೀರ್ಮಾನಿಸುತ್ತೇನೆ ಎಂದು ಮಾಲೀಕರ ಉತ್ತರ ಬಂತು.

ನಮ್ಮವರು ಕೂಡಲೇ ಸನ್ಮಾನಕ್ಕೆ ಸಿದ್ಧರಾದರು. ಹಾರ, ಶಾಲು, ಸ್ವಾಗತ ಭಾಷಣ, ಬಿರಿಯಾನಿ. ಟೀಚರ್ ಎಲ್ಲವನ್ನೂ ಬೇಡವೆಂದರು. ಬ್ಯಾರಿ ಸಾಹೇಬರು ನನ್ನ ಬಾಗಿಲಿಗೇ ಬಂದರು.

"ಎಂತ ಸಿಸ್ಟರೇ ಇದು? ಅಷ್ಟು ದೊಡ್ಡ ಜನ ಬರುವಾಗ ಬರೇ ಚಾಯ, ಬಿಸ್ಕೂಟಾ? ನಮ್ಮ ಮರ್ಯಾದಿ ಉಂಟಲ್ಲ! ನೀವಾದ್ರೂ ಅವರಿಗೆ ಹೇಳಿ ಮಾರಾಯ್ರೆ."

ಹೇಳಿದೆ. ಟೀಚರ್ ತಲೆ ಎತ್ತಲಿಲ್ಲ. "ಸನ್ಮಾನ ಮಾಡಿದರೆ ಅವರಿಗೆ ಸನ್ಮಾನ ಕಾಣುತ್ತದೆ. ಅವರು ನೋಡಬೇಕಾದದ್ದು ನಮ್ಮ ಶುಕ್ರವಾರವನ್ನು."

ಆದರೂ ಸಾಹೇಬರು ಸೂಟು ತೊಟ್ಟು, ಅತ್ತರು ಪೂಸಿ ಬಾಗಿಲಲ್ಲಿ ನಿಂತರು, ಸ್ವಾಗತಿಸಲು. ಟೀಚರ್ ಪಟ್ಟಿಯತ್ತ ಬೆರಳು ತೋರಿಸಿದರು. ಶುಕ್ರವಾರದ ಎದುರಿಗೆ ಇದ್ದದ್ದು ಸಾಹೇಬರದೇ ಹೆಸರು.

"ಇವತ್ತೂ ಬಿಡುವುದಿಲ್ಲವಾ ಈ ಹೆಂಗಸು!" ಎಂದು ಗೊಣಗಿ ಕೋಟು ಕಳಚಿದರು. ಟೀಚರ್ ತಾವೇ ಅವರ ತೋಳನ್ನು ಮಡಚಿಕೊಟ್ಟರು. ಮೂರು ಮಡಿಕೆ.

ಮಾಲೀಕರು ಹತ್ತು ನಿಮಿಷ ಮೊದಲೇ ಬಂದುಬಿಟ್ಟರು. ಎದುರುಗೊಳ್ಳಲು ಬಾಗಿಲಲ್ಲಿ ಯಾರೂ ಇಲ್ಲ. ಅವರು ಗಟ್ಟಿಯಾಗಿ ಸಲಾಂ ಹೇಳಿದ್ದಕ್ಕೆ ಒಂದು ಪುಟ್ಟ ಹುಡುಗಿ ತುಟಿಗೆ ಬೆರಳಿಟ್ಟು, "ಅಂಕಲ್, ರೀಡಿಂಗ್ ಟೈಮ್," ಎಂದಳು. ಅವರು ಮೆಲ್ಲಗೆ ಒಳಗೆ ಬಂದರು. ಸಿಂಕಿನ ಮುಂದೆ ಸೊಂಟಕ್ಕೆ ಟವೆಲು ಸುತ್ತಿಕೊಂಡು ನಿಂತ ಸಾಹೇಬರನ್ನು ನೋಡಿ ಕಣ್ಣರಳಿಸಿದರು. ಮಾಲೀಕರ ಮನೆಗೆ ಬಟ್ಟೆ ಹೋಗುತ್ತಿದ್ದದ್ದು ಸಾಹೇಬರ ಅಂಗಡಿಯಿಂದಲೇ.

"ನೀನಾ?" ಎಂದರು, ಅರಬ್ಬಿಗೆ ಹಿಂದಿ ಬೆರೆಸಿ. "ಅಂಗಡಿಯಲ್ಲಿ ಕುರ್ಚಿ ಬಿಟ್ಟು ಏಳದವನು ಇಲ್ಲಿ ಕಪ್ ತೊಳೆಯುತ್ತೀಯಾ?"

"ಎಂತ ಮಾಡುವುದು ಬಾಬಾ, ಇವತ್ತು ನನ್ನ ಸರದಿ."

ಮಾಲೀಕರು ನಕ್ಕುಬಿಟ್ಟರು. ಆಮೇಲೆ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಕೆಂಪು ಶಾಯಿ ಏನೆಂದು ಕೇಳಿದರು, ಹಳೆಯ ಪಟ್ಟಿಗಳನ್ನು ತರಿಸಿದರು. ಎರಡು ವರ್ಷದ ಹಾಳೆಗಳಲ್ಲಿ ಖಾಲಿ ಬಿಟ್ಟ ದಿನ ಒಂದೂ ಇರಲಿಲ್ಲ. ಚಹಾ ಕುಡಿದು ಕಪ್ಪನ್ನು ಮೇಜಿನ ಮೇಲಿಟ್ಟರು. ಟೀಚರ್ ಮೃದುವಾಗಿಯೇ ಹೇಳಿದರು: "ಇಲ್ಲಿ ಕುಡಿದವರು ಕಪ್ಪನ್ನು ಸಿಂಕಿಗೆ ಒಯ್ಯಬೇಕು, ಸರ್."

ಹೊಲಿಗೆ ಯಂತ್ರ ನಿಂತಿತು. ಸಾಹೇಬರು ನಲ್ಲಿ ನಿಲ್ಲಿಸಿದರು. ಮಾಲೀಕರು ಟೀಚರನ್ನು ನೋಡಿದರು, ಕಪ್ಪನ್ನು ನೋಡಿದರು. ಎದ್ದು, ಉದ್ದನೆಯ ಬಿಳಿ ನಿಲುವಂಗಿಯ ತೋಳನ್ನು ಹಿಂದಕ್ಕೆ ಸರಿಸಿ, ಕಪ್ಪನ್ನು ಸಿಂಕಿನಲ್ಲಿಟ್ಟರು.

"ಕಾರ್ಪೆಟ್ ಖಲಾಸ್," ಎಂದರು. "ಆದರೆ ಈ ಪಟ್ಟಿ ಒಂದು ದಿನ ಖಾಲಿ ಕಂಡರೂ ಬೀಗ ಹಾಕುತ್ತೇನೆ."

ಮಕ್ಕಳು ಕೂಗಿದ ಕೂಗು ನಾಲ್ಕನೇ ಮಹಡಿಗೂ ಕೇಳಿತಂತೆ. ಅಂದು ಯಾರೂ ಅವರನ್ನು ಸುಮ್ಮನಿರಿಸಲಿಲ್ಲ.

ಮರುವರ್ಷ ಟೀಚರ್ ಊರಿಗೆ ಮರಳಿದರು. ಪಟ್ಟಿ ಬರೆಯುವ ಕೆಲಸ ನನಗೆ ಬಂತು. ನಾನು ಕುವೈತ್ ಬಿಡುವವರೆಗೆ, ಒಂಬತ್ತು ವರ್ಷ, ಒಂದು ದಿನವೂ ಖಾಲಿ ಬಿಡಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಬರೆದವರು ಅವರ ಹಳ್ಳಿಯ ಅಂಗಡಿಯಾಕೆ. ಅಂತ್ಯಕ್ರಿಯೆಯ ದಿನ ಊರಿಗೆ ಊರೇ ಆ ಹಾಲ್‌ಗೆ ಬಂದು ಕುರ್ಚಿ ಸಾಲಲಿಲ್ಲವಂತೆ. ಆ ದಿನದ ಚಹಾಕ್ಕೆ ಕಪ್ ತೊಳೆಯುವವರ ಪಟ್ಟಿಯನ್ನು ಟೀಚರ್ ತಾವೇ ಮೊದಲೇ ಬರೆದಿಟ್ಟಿದ್ದರಂತೆ. ಅಷ್ಟು ಓದಿ ನಾನು ಅಳುತ್ತಲೇ ನಕ್ಕುಬಿಟ್ಟೆ. ಏಳು ವರ್ಷ ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಂತವಳಿಗೆ ಒಂದು ಇಡೀ ಊರನ್ನು ಕೊಟ್ಟವರು ಅವರು.

ಆ ಶುಕ್ರವಾರ ಮಾಲೀಕರು ಹೊರಟಾಗ ಆರು ಗಂಟೆ. ಮಕ್ಕಳು ಪುಸ್ತಕಗಳನ್ನು ಕಪಾಟಿಗೆ ಸೇರಿಸಿದರು. ಹೆಂಗಸರು ಯಂತ್ರಕ್ಕೆ ಮುಸುಕು ಹಾಕಿದರು. ಬ್ಯಾರಿ ಸಾಹೇಬರು ಕೊನೆಗೆ ಮಾಲೀಕರ ಕಪ್ಪನ್ನು ತೊಳೆದು, ಒರೆಸಿ, ಮೊಳೆಗೆ ತೂಗುಹಾಕಿದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಅದರ ಹಿಡಿಯನ್ನು ಉಳಿದವುಗಳ ಹಾಗೆಯೇ ಒಂದೇ ಕಡೆಗೆ ತಿರುಗಿಸಿದರು. ಟೀಚರ್ ದೀಪ ಆರಿಸಿದರು.