ಬೂದಿ ತಿಂದ ಹೈಡ್ರೇಂಜಿಯಾ

ಹೈಡ್ರೇಂಜಿಯಾ ಹೂವನ್ನು ಕಂಡರೆ ನನಗೆ ಆಗುವುದಿಲ್ಲ. ಮಡಿಕೇರಿಯ ಕಡೆ ಯಾರ ಮನೆಗೆ ಹೋದರೂ ಮೆಟ್ಟಿಲ ಪಕ್ಕ ಅದು ಇದ್ದೇ ಇರುತ್ತದೆ. ಮಗುವಿನ ತಲೆಯಷ್ಟು ದಪ್ಪದ ನೀಲಿ ಗೊಂಚಲು, ಮೂಸಿದರೆ ವಾಸನೆಯಿಲ್ಲ, ಪೂಜೆಗೂ ಬಾರದು, ಮುಡಿಗೂ ಬಾರದು. ಮನೆಯವರು ಚೆನ್ನಾಗಿದೆ ಅಲ್ಲವೇ ಎಂದು ಕೇಳಿದರೆ ಹೂಂ ಎಂದು ಸರಸರನೆ ಒಳಗೆ ಹೋಗಿಬಿಡುತ್ತೇನೆ. ಈ ಮುದುಕಿಗೆ ಸೊಕ್ಕು ಎಂದುಕೊಂಡವರೂ ಇದ್ದಾರೆ. ಅಂದುಕೊಳ್ಳಲಿ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು ಇದು. ನಮ್ಮದು ಶನಿವಾರಸಂತೆ ಕಡೆಯ ಲಿಂಗವಂತರ ಮನೆತನ. ನನ್ನ ಯಜಮಾನರು ಚೆಟ್ಟಳ್ಳಿಯ ಹತ್ತಿರ ಇಂಗ್ಲಿಷರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಹಣ್ಣು ಕೊಯ್ದ ಪಿಕಿಂಗ್ ಲೆಕ್ಕ ಬರೆಯುವುದು ಅವರ ಕೆಲಸ. ಮದುವೆಯಾಗಿ ಬಂದ ನನಗೆ ಸಿಕ್ಕಿದ್ದು ದೊರೆಯ ಬಂಗಲೆಯ ಹಿಂದೆ ಎರಡು ಕೋಣೆಯ ಮನೆ. ಅಡಿಗೆಮನೆಯ ಕಿಟಕಿ ತೆರೆದರೆ ಬಂಗಲೆಯ ಹೂದೋಟ ಕಾಣುತ್ತಿತ್ತು.

ಆ ಹೂದೋಟವನ್ನು ಒಬ್ಬರು ಮಾಡಿದ್ದಲ್ಲ. ಮೊದಲ ದೊರೆ ಗೆರೆ ಎಳೆದ ಹಾಗೆ ಬೇಲಿಗಿಡ ನೆಡಿಸಿ, ಕತ್ತರಿಯಲ್ಲಿ ಚೌಕ ಚೌಕ ಮಾಡಿಸಿದ್ದನಂತೆ. ನಂತರ ಬಂದವನಿಗೆ ಅದು ಹಳೆಯ ಕಾಲದ್ದು ಎನಿಸಿ, ಅರ್ಧ ಬೇಲಿ ಕೀಳಿಸಿ, ಹುಲ್ಲು ಬೆಳೆಸಿ, ಒಂದು ಪುಟ್ಟ ಕೆರೆ ತೋಡಿಸಿ, ಯಾರೂ ಮುಟ್ಟದ ಕಾಡಿನಂತೆ ಕಾಣಲಿ ಎಂದು ಅಲ್ಲೊಂದು ಇಲ್ಲೊಂದು ಮರ ನಿಲ್ಲಿಸಿದ್ದ. ಅವರ ದೇಶದ ದೊಡ್ಡಮನೆಗಳಲ್ಲೂ ಹೀಗೆಯೇ ಆಗಿತ್ತಂತೆ. ಅಜ್ಜ ನೆಟ್ಟ ಸಾಲುಗಳನ್ನು ಮೊಮ್ಮಗ ಕಿತ್ತೆಸೆದು ಗುಡ್ಡ, ಕೆರೆ ಮಾಡಿಸುವುದು. ಇದನ್ನೆಲ್ಲ ನನಗೆ ಹೇಳಿದವಳು ಆಗಿನ ದೊರೆಸಾನಿ. ಇದ್ದ ಕಾಡನ್ನು ಕಡಿದು, ಅದೇ ಜಾಗದಲ್ಲಿ ಕಾಡಿನ ಹಾಗೆ ಕಾಣುವ ತೋಟ ಮಾಡುವ ಜನಕ್ಕೆ ಏನು ಹೇಳುವುದು ಎಂದು ನನಗೆ ಒಳಗೊಳಗೇ ನಗು. ಆಕೆಯ ಪಾಲಿಗೆ ಉಳಿದ ಜಾಗದಲ್ಲಿ ಆಕೆ ಒಂದು ಸಾಲು ಹೈಡ್ರೇಂಜಿಯಾ ನೆಡಿಸಿದ್ದಳು. ಅದು ಚೀನಾ, ಜಪಾನ್ ಕಡೆಯ ಗಿಡವಂತೆ. ಅಲ್ಲಿಂದ ಹಡಗಿನಲ್ಲಿ ಅವಳ ದೇಶಕ್ಕೆ ಹೋಗಿ, ಅಲ್ಲಿಂದ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ನಮ್ಮ ಬೆಟ್ಟಕ್ಕೆ ಬಂದಿತ್ತು.

ಒಂದು ವರ್ಷ ಆಷಾಢದಲ್ಲಿ ನನ್ನ ಮೊದಲ ಮಗು ಜ್ವರ ಬಂದು ತೀರಿಕೊಂಡಿತು. ಹೆಣ್ಣು. ಇನ್ನೂ ಬೋರಲು ಬೀಳಲು ಕಲಿಯುತ್ತಿತ್ತು. ನಮ್ಮವರಲ್ಲಿ ಸುಡುವುದಿಲ್ಲ, ಸ್ವಂತ ನೆಲದಲ್ಲಿ ಹೂಳುತ್ತಾರೆ. ಆದರೆ ಹೊಳೆ ಹಳ್ಳಗಳೆಲ್ಲ ರಸ್ತೆಯ ಮೇಲೆ ಹರಿಯುತ್ತಿದ್ದವು. ಊರಿಗೆ ಹೋಗುವಂತಿರಲಿಲ್ಲ, ಶಾಸ್ತ್ರ ಮಾಡಿಸಲು ಊರಿನಿಂದ ಅಯ್ಯನವರು ಬರುವಂತೆಯೂ ಇರಲಿಲ್ಲ. ರೈಟರಿಗೆ ಎಸ್ಟೇಟಿನಲ್ಲಿ ಸ್ವಂತ ನೆಲ ಎಲ್ಲಿಂದ ಬರಬೇಕು? ಯಜಮಾನರು ಮಳೆಗೆ ಗೊರಬು ಹೊದ್ದು ಬಂಗಲೆಯ ವರಾಂಡದ ಕೆಳಗೆ ಹೋಗಿ ನಿಂತರು. ದೊರೆಸಾನಿಯೇ ಹೊರಗೆ ಬಂದು, ಹೈಡ್ರೇಂಜಿಯಾ ಸಾಲಿನಲ್ಲಿ ಒಂದು ಗಿಡದ ಬುಡ ತೋರಿಸಿದಳು. ದೊರೆ ಒಂದೇ ಮಾತು ಹೇಳಿದನಂತೆ: ಕಲ್ಲು ನಿಲ್ಲಿಸಬಾರದು, ಕಟ್ಟೆ ಕಟ್ಟಬಾರದು.

ಹೂಳುವಾಗ ಗುಂಡಿಗೆ ವಿಭೂತಿ, ಬಿಲ್ವಪತ್ರೆ ಹಾಕಬೇಕು. ಯಜಮಾನರಿಗೆ ಶಾಸ್ತ್ರ ಪೂರ್ತಿ ಗೊತ್ತಿರಲಿಲ್ಲ. ಮಂತ್ರ ಬಾರದು, ಪತ್ರೆ ಇಲ್ಲ, ಅತ್ತೆ ಕಳಿಸಿದ್ದ ವಿಭೂತಿ ಒಂದು ಹಿಡಿಯಷ್ಟು. ಅಷ್ಟಕ್ಕೇ ಮಣ್ಣು ಮುಚ್ಚಲು ಅವರಿಗೆ ಮನಸ್ಸು ಬರಲಿಲ್ಲ. ಒಳಗೆ ಬಂದು ಒಲೆಯ ಬೂದಿಯನ್ನೆಲ್ಲ ಬಳಿದರು. ಬಚ್ಚಲ ಒಲೆಯದನ್ನೂ ಬಳಿದರು. ಆಳುಗಳ ಲೈನಿನ ಮನೆಗಳಿಂದ ಕುಕ್ಕೆಯಲ್ಲಿ ತರಿಸಿದರು. ಕೊರತೆಯನ್ನೆಲ್ಲ ಬೂದಿಯಿಂದಲೇ ತುಂಬಿದರು. ಆ ದಿನದ ಮೇಲೆ ಅವರು ಮಗುವಿನ ಮಾತೆತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದರು.

ಮಳೆ ನಿಂತ ಮೇಲೆ ಅತ್ತೆ ಊರಿನಿಂದ ಬಿಲ್ವದ ಸಸಿ ತಂದು ಗುರುತಿಗೆ ಇರಲಿ ಎಂದು ಅಲ್ಲಿ ನೆಟ್ಟರು. ಬಿಲ್ವಕ್ಕೆ ಬಿಸಿಲು ಬೇಕು. ಮುಂದಿನ ಮಳೆಗೆ ಅದು ಬುಡದಲ್ಲೇ ಕೊಳೆಯಿತು.

ಅದೇ ಮಳೆಯಲ್ಲಿ ಸಾಲಿನ ಗಿಡಗಳೆಲ್ಲ ಎಂದಿನಂತೆ ನೀಲಿ ಹೂ ಬಿಟ್ಟವು. ನನ್ನ ಮಗು ಮಲಗಿದ್ದ ಗಿಡ ಮಾತ್ರ ಗುಲಾಬಿ ಬಣ್ಣದ ಹೂ ಬಿಟ್ಟಿತು. ಕಿಟಕಿಯಿಂದ ಅದನ್ನು ಕಂಡವಳು ಒಲೆಯ ಮೇಲಿನ ಹಾಲನ್ನೂ ಮರೆತು ಓಡಿದೆ. ಲೈನಿನ ಹೆಂಗಸರು ಬಂದು ಕುಂಕುಮ ಇಟ್ಟರು, ಊದುಬತ್ತಿ ಹಚ್ಚಿದರು.

"ಅಳ್‌ಬ್ಯಾಡ್ರವ್ವಾ, ನಿಮ್ ಕೂಸೇ ಬಂದೈತೆ," ಎಂದಳು ಒಬ್ಬಳು. ನಾನು ನಂಬಿದೆ. ನಂಬದೆ ಏನು ಮಾಡಲಿ? ಆ ಒಂದು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ದೊರೆಸಾನಿ ಊದುಬತ್ತಿಯ ಕಡ್ಡಿಗಳನ್ನು ನೋಡಿ ನನ್ನನ್ನು ಕರೆಸಿದಳು. ಆಳುಗಳಿಂದ ಕಲಿತ ಕನ್ನಡ ಅವಳದು. "ಇಲ್ಲಿ ಮಣ್ಣು ಹುಳಿ. ಹುಳಿ ಮಣ್ಣು, ನೀಲಿ ಹೂ. ಬೂದಿ ಹಾಕು, ಸುಣ್ಣ ಹಾಕು, ಪಿಂಕ್ ಹೂ. ಮಗು ಅಲ್ಲ ಅಮ್ಮಾ. ಬೂದಿ," ಎಂದಳು. ಮಳೆಗೆ ಬೂದಿ ತೊಳೆದುಹೋದರೆ ಮತ್ತೆ ನೀಲಿಯಾಗುತ್ತದೆ ಎಂದೂ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದಳು. ಆದರೂ ನನಗೆ ಮೈಯೆಲ್ಲ ಉರಿಯಿತು. ಕೈ ಬಿಡಿಸಿಕೊಂಡು ಬಂದವಳು ಬಹಳ ದಿನ ಅವಳ ಮುಖ ನೋಡಲಿಲ್ಲ.

ಸಿಟ್ಟು ಇಳಿದ ಮೇಲೆ ಒಂದು ವಿಷಯ ಹೊಳೆಯಿತು. ಕಲ್ಲಿಲ್ಲ, ಬಿಲ್ವವಿಲ್ಲ, ನನ್ನ ಮಗು ಎಲ್ಲಿದೆ ಎಂದು ಹೇಳಲು ಈ ಬಣ್ಣ ಬಿಟ್ಟರೆ ಬೇರೆ ಗುರುತಿಲ್ಲ. ಮಗುವೇ ಬಂದಿದೆ ಎಂದು ನಂಬಿದಾಗ ನಾನು ಸುಮ್ಮನೆ ನೋಡುತ್ತ ಕೂರಬೇಕಿತ್ತು. ಬೂದಿ ಎಂದ ಮೇಲೆ ಮಾಡಲು ಒಂದು ಕೆಲಸ ಸಿಕ್ಕಿತು. ಅಂದಿನಿಂದ ಒಲೆಯ ಬೂದಿಯನ್ನು ಪಾತ್ರೆ ಬೆಳಗಲೂ ಬಳಸದೆ ಹಳೆಯ ಡಬ್ಬದಲ್ಲಿ ಕೂಡಿಟ್ಟು, ಆ ಗಿಡದ ಬುಡಕ್ಕೆ ಸುರಿಯುತ್ತ ಬಂದೆ. ಬೇರೆ ತಾಯಂದಿರು ಎಣ್ಣೆ ಹಚ್ಚಿ ಎರೆಯುತ್ತಾರೆ, ನಾನು ಬೂದಿ ಹಾಕುತ್ತಿದ್ದೆ. ಪ್ರತಿ ಮಳೆಗೂ ಅದು ಗುಲಾಬಿಯಾಗಿಯೇ ಅರಳಿತು. ಅದನ್ನು ಕಂಡಷ್ಟು ದಿನ ನನಗೆ ಜೀವ ಇರುತ್ತಿತ್ತು, ಹೂ ಒಣಗಿದರೆ ನಾನೂ ಮಂಕಾಗುತ್ತಿದ್ದೆ. ಆಮೇಲೆ ಮಕ್ಕಳಾಗಲಿಲ್ಲ.

ಬಿಳಿಯರು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹೊರಟರು. ನಮ್ಮ ದೊರೆಯೂ ಮಾರಿದ. ಕೊಂಡವರು ತಮ್ಮದೇ ರೈಟರನ್ನು ಕರೆತಂದರು, ನಾವು ನೆಲ್ಯಹುದಿಕೇರಿ ಕಡೆಯ ತೋಟವೊಂದಕ್ಕೆ ಹೋದೆವು. ಹೊರಡುವ ದಿನ ಡಬ್ಬದಲ್ಲಿದ್ದಷ್ಟನ್ನೂ ಆ ಬುಡಕ್ಕೆ ಸುರಿದೆ. ಆ ಬೂದಿ ಎಷ್ಟು ಮಳೆಗಾಲ ತಡೆದೀತು?

ಮತ್ತೆ ಅಲ್ಲಿಗೆ ಹೋದದ್ದು ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲೂ ಇದ್ದ ದಿನಗಳಲ್ಲಿ. ಇವರಿಗೆ ಆ ಕಡೆ ಏನೋ ಕೆಲಸವಿತ್ತು, ಹಟ ಹಿಡಿದು ನಾನೂ ಜೀಪು ಹತ್ತಿದೆ. ಬಂಗಲೆಯ ಹೊಸ ಯಜಮಾನಿ ಒಳ್ಳೆಯ ಹೆಂಗಸು, ಕಾಫಿ ಕೊಟ್ಟಳು. ಸತ್ತ ಗಿಡಗಳನ್ನು ತೆಗೆಸಿ, ಕಡ್ಡಿ ನೆಡಿಸಿ ಸಾಲು ತುಂಬಿಸಿದೆ ಎಂದು ಸಂತೋಷದಿಂದ ತೋರಿಸಿದಳು. ಸಾಲು ಮೊದಲಿಗಿಂತ ಉದ್ದವಾಗಿತ್ತು. ಈ ತುದಿಯಿಂದ ಆ ತುದಿಯವರೆಗೆ ನೀಲಿ.

"ಹೂವ್ ಬೇಕಾದ್ರೆ ಕೊಯ್ಕೊಳ್ಳಿ," ಎಂದು ಆಕೆ ಒಳಗೆ ಹೋದಳು.

ನಮ್ಮ ಅಡಿಗೆಮನೆಯ ಕಿಟಕಿಯ ನೇರ ಹಿಡಿದು ಗಿಡ ಗುರುತಿಸಲು ನೋಡಿದೆ. ಆ ಮನೆಯನ್ನೇ ಕೆಡವಿ ಗೋದಾಮು ಕಟ್ಟಿದ್ದರು, ನೇರ ಸಿಗಲಿಲ್ಲ. ಯಜಮಾನರು ಸಾಲಿನ ಉದ್ದಕ್ಕೂ ನಡೆದು ಒಂದು ಗಿಡದ ಮುಂದೆ ನಿಂತರು.

"ಇದೇ ಕಣೆ."

"ಅಲ್ಲ ಕಣ್ರೀ. ಅದರಾಚೆದು."

"ನಾನೇ ಅಗೆದಿದ್ದು. ನಂಗೊತ್ತಿಲ್ವಾ?"

"ದಿನಾ ಬೂದಿ ಹಾಕ್ದೋಳು ನಾನು!"

ಮಗು ತೀರಿಕೊಂಡ ಮೇಲೆ ಅದರ ವಿಷಯಕ್ಕೆ ನಾವು ಗಂಡ ಹೆಂಡತಿ ಬಾಯಿಬಿಟ್ಟು ಆಡಿದ ಮೊದಲ ಮಾತುಗಳು ಅವು. ಆ ಜಾಗ ತೋರಿಸಲು ಈಗ ಅಲ್ಲಿದ್ದವರು ನಾವಿಬ್ಬರೇ, ನಾವಿಬ್ಬರೂ ಎರಡು ಬೇರೆ ಗಿಡಗಳ ಮುಂದೆ ನಿಂತಿದ್ದೆವು. ಜೀಪಿನವನು ಹಾರ್ನ್ ಹೊಡೆಯುವವರೆಗೂ ಇಬ್ಬರೂ ಕದಲಲಿಲ್ಲ.

ದಾರಿಯಲ್ಲಿ ಬಹಳ ಹೊತ್ತಾದ ಮೇಲೆ ಅವರು, "ನೀನ್ ಹೇಳಿದ್ದೇ ಇರ್ಬೋದು," ಎಂದರು. ಅವರು ಹೇಳಿದ್ದೇ ಸರಿ ಇರಬಹುದು ಎಂದು ನನಗೆ ಅಷ್ಟರಲ್ಲಿ ಅನ್ನಿಸತೊಡಗಿತ್ತು.