ಯಾರೂ ಇಲ್ಲದ ವಿಳಾಸದಿಂದ ಬಂದ ಉತ್ತರ

ಮುಧೋಳದ ನಮ್ಮ ಮನೆಯ ಹೆಣ್ಣುನಾಯಿಗೆ ಮೊದಲ ಬಸಿರು. ತಿಮ್ಮಾಪುರದ ಕಡೆಯ ಪರಿಚಯದವರೊಬ್ಬರಿಂದ ನನ್ನ ಗಂಡ ಮರಿಯಿದ್ದಾಗಲೇ ತಂದಿದ್ದ, ಉದ್ದ ಕಾಲಿನ ಬೇಟೆ ತಳಿ. ಅದಕ್ಕೆ ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂಬುದು ಎಂಟನೇ ತರಗತಿಯ ನನ್ನ ಮಗಳಿಗೆ ದೊಡ್ಡ ಚಿಂತೆಯಾಗಿತ್ತು. ಈ ತಳಿಯ ಬಗ್ಗೆಯೇ ಒಂದು ವೆಬ್‌ಸೈಟ್ ಇದೆ, ಗೆಳತಿಯ ಮನೆಯಲ್ಲಿ ನೋಡಿದೆ ಎಂದು ಬಂದು ಹೇಳಿದಳು. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ತೆರೆಯಲೇ ಇಲ್ಲ.

ನಾನು ಜಮಖಂಡಿಯ ಒಂದು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಏನಾದರೂ ಸಿಗಲಿಲ್ಲ ಎಂದರೆ ಹುಡುಕದೆ ಬಿಡುವ ಜಾಯಮಾನ ನನ್ನದಲ್ಲ. ಭಾನುವಾರ ಊಟವಾದ ಮೇಲೆ ಇಬ್ಬರೂ ಕೂತೆವು.

ಮೊದಲು ಮೊಬೈಲ್ ಡೇಟಾದಲ್ಲಿ ನೋಡಿದೆವು. ತೆರೆಯಿತು. ಮನೆಯ ವೈಫೈನಲ್ಲಿ ಇಲ್ಲ. ಮಗಳು ತನ್ನ ಟ್ಯಾಬಿನ ಆಟದಲ್ಲೇ ಮುಳುಗಬಾರದೆಂದು ರೌಟರಿನಲ್ಲಿ ನಾನೇ ಪೇರೆಂಟಲ್ ಕಂಟ್ರೋಲ್ ಹಾಕಿದ್ದೆ. ಅದು ಅವಳಿಗೂ ಗೊತ್ತಿತ್ತು. ಆದರೆ ಅಲ್ಲಿ ನಾನು ಬರೆದಿದ್ದು ಕೆಲವು ಆಟಗಳ ಹೆಸರು ಮಾತ್ರ. ಹಾಗಾಗಿ ನನ್ನ ಅನುಮಾನ ಡಿಎನ್‌ಎಸ್ ಮೇಲೆ ಹೋಯಿತು. ಬೇರೊಂದು ಡಿಎನ್‌ಎಸ್ಸಿನ ಸಂಖ್ಯೆಯನ್ನು ರೌಟರಿನಲ್ಲಿ ಹಾಕಿ, ಆರಿಸಿ, ಮತ್ತೆ ಹಚ್ಚಿದೆ.

ಇದನ್ನೆಲ್ಲ ನೋಡುತ್ತ ಕಾಳು ಆರಿಸುತ್ತಿದ್ದ ಅತ್ತೆ ಕೇಳಿದರು. "ಅದೇನ ನಂಬರ ಬೇ ಅದು?"

"ಸೈಟಿನ ಹೆಸರ ಹೇಳಿದ್ರ ಅದು ಎಲ್ಲಿ ಐತಿ ಅಂತ ನಂಬರ ಹೇಳಾಂವ ಒಬ್ಬಾಂವ ಇರತಾನ, ಆಯಿ. ಅವನ ವಿಳಾಸ ಇದು," ಎಂದಳು ಮಗಳು.

ಅತ್ತೆಯ ತವರು ಬೀಳಗಿ ಕಡೆ. ಹಿನ್ನೀರಿಗೆ ಹಳೆಯ ಊರು ಹೋಗಿ ಹೊಸ ಊರಿಗೆ ಬಂದವರು ಅವರ ಅಣ್ಣತಮ್ಮಂದಿರು. "ಅಲ್ಲೂ ಹಂಗ ಇತ್ತು. ಎಲ್ಲಾ ಮನಿಗೂ ನಂಬರ ಕೊಟ್ಟಿದ್ರು. ನಂಬರ ಯಾರಿಗೆ ನೆನಪಿರತೈತಿ? ಚಾದಂಗಡ್ಯಾಗ ಹೆಸರ ಹೇಳಿ ಕೇಳಿ ಹೋಗತಿದ್ವಿ," ಎಂದು ಮತ್ತೆ ಕಾಳಿನ ಕಡೆ ತಿರುಗಿದರು.

ರೌಟರಿಗೆ ಜೀವ ಬಂತು. ನಾಯಿಯ ಸೈಟು ಬರಲಿಲ್ಲ. ಈಗ ರೌಟರನ್ನು ನಂಬುವುದು ಬೇಡ, ಲ್ಯಾಪ್‌ಟಾಪಿನಲ್ಲೇ ನೇರವಾಗಿ ಸಂಖ್ಯೆ ಹಾಕೋಣ ಎಂದುಕೊಂಡೆ. ನಾನು ಹೇಳುತ್ತ ಹೋದೆ, ಮಗಳು ಹಾಕಿದಳು. ಆಗಲೂ ಅದೇ ಕಥೆ. ನನಗೆ ಬೇಸರ ಬಂದು ಚಹಾಕ್ಕಿಡಲು ಎದ್ದೆ.

"ಯವ್ವಾ, ಇಲ್ಲಿ ಬಾ. ನಾ ಒಂದ ಅಂಕಿ ತಪ್ಪ ಹೊಡದೀನಿ."

"ತಿದ್ದ ಹಂಗಾರ."

"ತಿದ್ದೂದಲ್ಲ ಬೇ. ತಪ್ಪ ನಂಬರ ಇದ್ರ ಯಾವ ಸೈಟೂ ತೆರೀಬಾರದಲ್ಲ? ಉಳಿದದ್ದೆಲ್ಲಾ ತೆರದೈತಿ ನೋಡ!"

ಒಲೆ ಆರಿಸಿ ಬಂದೆ. ಅವಳು ಹೇಳಿದ್ದು ಖರೆ. ಆದರೂ ಆ ತಪ್ಪು ಸಂಖ್ಯೆಯಲ್ಲಿ ನಿಜಕ್ಕೂ ಯಾರಾದರೂ ಇದ್ದರೆ? ಉದಾಹರಣೆ ಕೊಡಲೆಂದೇ ಬಿಟ್ಟಿರುವ, ಯಾರಿಗೂ ಸೇರದ ಕೆಲವು ಸಂಖ್ಯೆಗಳಿವೆ ಎಂದು ಎಲ್ಲೋ ಓದಿದ್ದೆ. ಅಂಥದ್ದೊಂದನ್ನು ಹುಡುಕಿ ಹಾಕಿದೆವು. ಹಳೆಯ ನೆನಪಿನಿಂದ ತೆರೆದೀತೆಂದು, ಮಗಳು ಎಂದೂ ತೆರೆಯದ ಯಾವುದೋ ಸೈಟಿನ ಹೆಸರು ಬರೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟ ಬಂತು. ಬೀಗ ಹಾಕಿದ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ "ಯಾರ್ರೀ" ಅಂದ ಹಾಗಾಯಿತು.

"ನಡಕ ಯಾರೋ ನಿಂತಾರ," ಎಂದಳು ಮಗಳು ಪಿಸುದನಿಯಲ್ಲಿ.

ನಡುವೆ ಇರುವುದು ರೌಟರ್ ಒಂದೇ. ಅದರಲ್ಲಿ ಪೇರೆಂಟಲ್ ಕಂಟ್ರೋಲನ್ನು ಪರೀಕ್ಷೆಗೆಂದು ಆಫ್ ಮಾಡಿ, ಸುಳ್ಳು ಸಂಖ್ಯೆಯನ್ನು ಹಾಗೇ ಬಿಟ್ಟು, ಇನ್ನೊಂದು ಹೊಸ ಹೆಸರು ಬರೆದೆವು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಏನೂ ತೆರೆಯಲಿಲ್ಲ. ಇಬ್ಬರೂ ಚಪ್ಪಾಳೆ ತಟ್ಟಿ ನಕ್ಕೆವು.

"ಕೆಟ್ಟುಹೋತು ಅಂದ್ರ ನಗತೀರೇನ ಬೇ?" ಅತ್ತೆ ಗಾಬರಿಯಾದರು.

"ಕೆಟ್ಟಿಲ್ಲರೀ ಅತ್ತಿ. ಈಗ ನಾವು ಹೇಳಿದಂಗ ಕೇಳಾಕತ್ತೈತಿ," ಎಂದೆ.

ಕಂಟ್ರೋಲ್ ಇರುವವರೆಗೂ ರೌಟರ್ ನಮ್ಮ ಪ್ರಶ್ನೆಗಳನ್ನೆಲ್ಲ ದಾರಿಯಲ್ಲೇ ಹಿಡಿದು, ತನಗೆ ಬೇಕಾದವರನ್ನು ಕೇಳಿ ಉತ್ತರ ತರುತ್ತಿತ್ತು. ನಾವು ಯಾರ ವಿಳಾಸ ಕೊಟ್ಟರೂ ಅದಕ್ಕೆ ಲೆಕ್ಕವೇ ಇಲ್ಲ. ಸರಿಯಾದ ಸಂಖ್ಯೆ ಹಾಕಿದ ಕೂಡಲೇ ಉದ್ದ ಮೂತಿಯ ನಾಯಿಗಳು ಪರದೆಯ ತುಂಬ ಬಂದು ನಿಂತವು.

ಆದರೆ ನಾಯಿಯ ಸೈಟನ್ನೇ ಯಾಕೆ ತಡೆದಿತ್ತು? ಮತ್ತೆ ಒಳಹೊಕ್ಕು ಹುಡುಕಿದೆವು. ಕಂಟ್ರೋಲನ್ನು ಮೊದಲ ಸಲ ಹಾಕುವಾಗ 'ಮಕ್ಕಳಿಗೆ ತಕ್ಕದ್ದು' ಎಂಬ ಗುಂಡಿ ಒತ್ತಿ ಮುಂದೆ ಹೋಗಿದ್ದೆ. ಅದರ ಹೊಟ್ಟೆಯೊಳಗೆ ಜೂಜು, ಮದ್ಯ ಇವುಗಳ ಜೊತೆ 'ಬೇಟೆ ಮತ್ತು ಆಯುಧ' ಎಂಬುದೂ ಇತ್ತು. ಬೇಟೆನಾಯಿಯನ್ನು ಅದು ಬಂದೂಕಿನ ಸಾಲಿಗೆ ಸೇರಿಸಿತ್ತು.

ಮಗಳು ಆ ಪುಟವನ್ನೆಲ್ಲ ಗಮನವಿಟ್ಟು ಓದಿದಳು. "ನನ್ನ ಟ್ಯಾಬಿಗೆ ಇದು ಇರಲಿ. ಆದ್ರ ಏನೇನ ಮುಚ್ಚೈತಿ ಅನ್ನೂದು ನನಗ ಗೊತ್ತಾಗಬೇಕು. ನೀನೂ ಓದದ ಒತ್ತಿದ್ದಿ, ಹೌದಿಲ್ಲೋ?"

ಹೌದೆಂದೆ. ಇಬ್ಬರೂ ಸೇರಿ ಒಂದೊಂದೇ ವಿಷಯ ಓದಿ, ವಾದ ಮಾಡಿ, ಕೆಲವನ್ನು ಬಿಟ್ಟೆವು, ಕೆಲವನ್ನು ಉಳಿಸಿದೆವು. ಕಂಟ್ರೋಲ್ ಈಗ ಅವಳ ಟ್ಯಾಬಿಗೆ ಮಾತ್ರ, ಲ್ಯಾಪ್‌ಟಾಪು ಅದರಿಂದ ಹೊರಗೆ. ಆಮೇಲೆ ನಾಯಿಯ ಆಹಾರದ ಪುಟವನ್ನು ಅವಳು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದಳು. ಕೆಲವಕ್ಕೆ ಅತ್ತೆ ತಲೆಯಾಡಿಸಿದರು, ಕೆಲವಕ್ಕೆ "ಹಂಗೇನಿಲ್ಲ ತಗೀ" ಎಂದರು.

ನಾನು ಚಹಾ ತಂದುಕೊಟ್ಟಾಗ ಮಗಳು ತಲೆ ಎತ್ತದೆ ಕೇಳಿದಳು. "ನಮ್ಮ ಸಾಲಿ ಕಂಪ್ಯೂಟರಿನ್ಯಾಗ ನಡಕ ಯಾರ ನಿಂತಿರಬಹುದು?"

"ಗೊತ್ತಿಲ್ಲ," ಎಂದೆ. "ನಾಳೆ ಕೇಳಿಕೊಂಡ ಬಾ."