ವೆನಿಸ್ಸಿನಲ್ಲಿ ತೊಳೆದ ಎರಡು ಸೇಬು

ಕೊಲ್ಲಿ ದೇಶದ ಸುವೈಕ್ ಪೇಟೆಯಲ್ಲಿ ಕುಂಞಮ್ಮದ್ ಬ್ಯಾರಿಯ ಹೋಟೆಲಿಗೆ ಹೋದವರಿಗೆಲ್ಲ ಪ್ರೇಮನಾಥ ಗೊತ್ತು. ಇಪ್ಪತ್ತೆರಡರ ತೆಳ್ಳಗಿನ ಹುಡುಗ, ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಮಡಚಿದ ಬಿಳಿ ಬಟ್ಟೆ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡದೆ ಗಿರಾಕಿಯ ಮುಂದೆ ಇಡುವವನಲ್ಲ. ತಟ್ಟೆಯ ಅಂಚಿನಲ್ಲಿ ಒಣಗಿದ ಒಂದು ಅನ್ನದ ಅಗುಳು ಕಂಡರೂ ಅವನ ಮುಖ ಕಿವುಚಿಕೊಳ್ಳುತ್ತದೆ. ಹೊಸಬರು ನಕ್ಕರೆ ಅಡುಗೆಯವರು, "ಅವ ಇಟಲಿ ನೋಡಿ ಬಂದವ ಮಾರಾಯ್ರೆ" ಎನ್ನುತ್ತಾರೆ. ಇಟಲಿಯ ನಾಜೂಕು ಹತ್ತಿದೆ ಎಂದು ಕೇಳಿದವರು ತಿಳಿದುಕೊಳ್ಳುತ್ತಾರೆ. ಅವನಿಗೆ ಅಲ್ಲಿಂದ ಹತ್ತಿದ್ದು ನಾಜೂಕಲ್ಲ, ಹೇಸಿಗೆ.

ಅವನ ಅಪ್ಪ ಸಂಕಪ್ಪ ಅದೇ ದೇಶದ ಬಂದರು ಪಟ್ಟಣ ಮತ್ರಾದಲ್ಲಿ ಟೈಲ್ಸು, ನಲ್ಲಿ, ಕಮೋಡು ಮಾರುವ ಅಂಗಡಿಯೊಂದರ ಸ್ಟೋರ್‌ಕೀಪರನಾಗಿದ್ದ. ಮಾಲು ಬರುತ್ತಿದ್ದುದು ಇಟಲಿಯಿಂದ. ಎಂಬತ್ನಾಲ್ಕನೆಯ ಇಸವಿಯಲ್ಲಿ ಒಂದು ಹಡಗಿನಲ್ಲಿ ಕಮೋಡುಗಳ ಜೊತೆಗೆ ಮೊಣಕಾಲೆತ್ತರದ, ಉದ್ದುದ್ದ ಬಟ್ಟಲಿನಂಥ ಪಿಂಗಾಣಿ ಬೇಸಿನ್ನುಗಳು ಬಂದಿಳಿದವು. ಯಾರೂ ಕೊಳ್ಳಲಿಲ್ಲ. ವರ್ಷ ಕಳೆದ ಮೇಲೆ ಸಂಕಪ್ಪ ಅವಕ್ಕೆ 'ಕಾಲು ತೊಳೆಯುವ ಬೇಸಿನ್' ಎಂದು ಹೆಸರಿಟ್ಟ. ಒಂದೊಂದಾಗಿ ಹೋಗತೊಡಗಿದವು. ಅಂಚು ಸ್ವಲ್ಪ ಒಡೆದಿದ್ದ ಒಂದನ್ನು ಮನೆಗೆ ತಂದು, ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ, ನಲ್ಲಿ ಜೋಡಿಸಿಕೊಟ್ಟ.

ಅಮ್ಮ ಲೋಲಾಕ್ಷಿಗೆ ಅದು ದೇವರೇ ಕಳಿಸಿದ ಹಾಗಾಯಿತು. ಅವಳು ನಿಂತು ಅಡುಗೆ ಮಾಡಿ ಅಭ್ಯಾಸವಿದ್ದವಳಲ್ಲ. ಮಣೆಯ ಮೇಲೆ ಕೂತು, ಮೆಟ್ಟುಕತ್ತಿಯಲ್ಲಿ ಬಂಗುಡೆ ಕೊಯ್ದು, ಕೈ ಚಾಚಿದರೆ ಬೇಸಿನ್ನು. ಮೀನು ತೊಳೆಯುವುದು ಅದರಲ್ಲಿ, ಬೂದಿ ಹಾಕಿ ಉಜ್ಜಿದ ಮೇಲೆ ದೋಸೆಗೆ ಅಕ್ಕಿ, ಉದ್ದು ನೆನೆಸುವುದೂ ಅದರಲ್ಲೇ. ಪ್ರೇಮನಾಥ ಆ ಬೇಸಿನ್ನಿನ ದೋಸೆ ತಿಂದೇ ಬೆಳೆದ.

ತೊಂಬತ್ಮೂರರ ಫೆಬ್ರವರಿಯಲ್ಲಿ ಅವನ ಶಾಲೆಯಿಂದ ಎಂಟು ಮಕ್ಕಳನ್ನು ನಾಲ್ಕು ದಿನಕ್ಕೆ ವೆನಿಸ್ಸಿಗೆ ಕರೆದೊಯ್ಯುವುದೆಂದಾಯಿತು. ಇಟಲಿಯ ಹೆಸರು ಕೇಳಿ ಸಂಕಪ್ಪನ ಕಫೀಲ್, ಅಂದರೆ ಅಂಗಡಿಯ ಅರಬಿ ಧಣಿ, ಖುಷಿಯಾಗಿ, ತನ್ನ ಮಾಲು ಬರುವ ದೇಶವನ್ನು ತನ್ನ ಸ್ಟೋರ್‌ಕೀಪರನ ಮಗ ನೋಡದಿದ್ದರೆ ಹೇಗೆ ಎಂದು ಅವನ ಖರ್ಚು ತಾನೇ ಹೊತ್ತುಕೊಂಡ. ಜೊತೆಗೆ ಹೊರಟವರು ಮಂಗಳೂರಿನ ಆಂಡ್ರ್ಯೂ ಮಾಸ್ತರರು. ಪ್ರೇಮನಾಥನ ಕೋಣೆಯ ಜೊತೆಗಾರ ಅವನದೇ ಕ್ಲಾಸಿನ ಇಸ್ಮಾಯಿಲ್.

ಕಾರಿಗೆ ಧೂಳು ಹಿಡಿದಿದ್ದರೆ ಪೊಲೀಸರು ದಂಡ ಹಾಕುವ ಊರಿನಿಂದ ಹೋದ ಹುಡುಗರು ಅವರು. ವೆನಿಸ್ಸಿನಲ್ಲಿ ಇಳಿದಾಗ ಸಮುದ್ರ ಇಳಿತದಲ್ಲಿತ್ತು. ಕಾಲುವೆಗಳ ನೀರು ಕೆಳಗೆ ಹೋಗಿ ಕಪ್ಪು ಕೆಸರು ಎದ್ದು ಕಾಣುತ್ತಿತ್ತು. ಮನೆಗಳ ಬುಡಕ್ಕೆ ಹಸಿರು ಲೋಳೆ ಕೂದಲಿನ ಹಾಗೆ ಅಂಟಿಕೊಂಡಿತ್ತು. ಕೊಳೆತ ಮೊಟ್ಟೆಯ ವಾಸನೆ. ಕಿತ್ತಳೆ ಸಿಪ್ಪೆಗಳ ನಡುವೆ ಸತ್ತ ಪಾರಿವಾಳವೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು, ಅದರ ಪಕ್ಕದಲ್ಲೇ ದೋಣಿಯಲ್ಲಿ ಕೂತ ಗಂಡ ಹೆಂಡತಿ ಮುತ್ತು ಕೊಟ್ಟುಕೊಳ್ಳುತ್ತಿದ್ದರು.

ಆಂಡ್ರ್ಯೂ ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದೇ ಹೇಳಿದರು, "ನೋಡಿ ಮಕ್ಕಳೇ, ಸಾವಿರ ವರ್ಷದ ಊರು!"

"ಸಾವಿರ ವರ್ಷದಿಂದ ಗುಡಿಸಲೇ ಇಲ್ವಾ ಸರ್?" ಎಂದ ಇಸ್ಮಾಯಿಲ್.

ದೊಡ್ಡ ಚೌಕದಲ್ಲಿ ಪಾರಿವಾಳಗಳು ಜನರ ತಲೆಯ ಮೇಲೆ, ತೋಳಿನ ಮೇಲೆ ಕೂತಿದ್ದವು. ಒಬ್ಬಳು ಹೆಂಗಸು ತುಟಿಯ ಮಧ್ಯೆ ಜೋಳದ ಕಾಳು ಕಚ್ಚಿ ಹಿಡಿದು ಪಾರಿವಾಳಕ್ಕೆ ತಿನ್ನಿಸುತ್ತಿದ್ದಳು. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಎನ್ನುತ್ತಿದ್ದವು. ಪ್ರೇಮನಾಥನ ಭುಜದ ಮೇಲೆ ಬೆಚ್ಚಗೆ ಏನೋ ಬಿತ್ತು. ಅದು ಅದೃಷ್ಟ ಎಂದು ದಾರಿಹೋಕನೊಬ್ಬ ಬೆನ್ನು ತಟ್ಟಿದ. ಅಲ್ಲಿನ ಚಿತ್ರ, ಚಿನ್ನದ ಬಣ್ಣದ ಗೋಡೆ, ಕಂಬ ಯಾವುದೂ ಅವನ ಕಣ್ಣಿಗೆ ಹತ್ತಲಿಲ್ಲ. ಶರ್ಟು ಯಾವಾಗ ಕಳಚಿ ಹಾಕಿಯೇನು ಎಂಬುದೊಂದೇ ಯೋಚನೆ.

ಹೋಟೆಲಿನ ಬಚ್ಚಲಿಗೆ ಹೋದಾಗ ಮಾತ್ರ ಅವನ ಜೀವಕ್ಕೆ ತಂಪಾಯಿತು. ಕಮೋಡಿನ ಪಕ್ಕದಲ್ಲಿ ಅಪ್ಪನ ಬೇಸಿನ್ನು! ಅದೇ ಎತ್ತರ, ಅದೇ ಉದ್ದ. ಆ ಕೊಳಕು ಊರಿನಲ್ಲಿ ಮನೆಯದೊಂದು ಸಾಮಾನು ಸಿಕ್ಕಿದಂತಾಗಿ ಕೂತು ಕಾಲು ತೊಳೆದ, ಶರ್ಟು ಒಗೆದ. ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೇ. ಎರಡನೆಯ ದಿನ ಪೇಟೆಯಿಂದ ಎರಡು ಸೇಬು ತಂದ. ಅಮ್ಮ ಮಾಡುವ ಹಾಗೆ ಬೇಸಿನ್ನಿಗೆ ಬಿರಡೆ ಹಾಕಿ, ನೀರು ತುಂಬಿ, ಸೇಬನ್ನು ಅರ್ಧ ಗಂಟೆ ನೆನೆಸಿ, ಒರೆಸಿ, ಒಂದನ್ನು ತಾನು ತಿಂದು ಇನ್ನೊಂದನ್ನು ಮಾಸ್ತರರಿಗೆ ಕೊಟ್ಟ.

ಮಾಸ್ತರರು ಅರ್ಧ ತಿಂದರು. "ತೊಳೆದಿದ್ದೀಯಲ್ಲ?"

"ಹೌದು ಸರ್. ಕೆಳಗಿನ ಬೇಸಿನ್ನಲ್ಲಿ ನೆನೆ ಹಾಕಿದ್ದೆ."

ಅವರ ದವಡೆ ನಿಂತಿತು. "ಕೆಳಗಿನ... ಯಾವುದು? ಕಮೋಡಿನ ಹತ್ತಿರದ್ದಾ?"

"ಹೌದು ಸರ್. ನಮ್ಮನೆಯಲ್ಲೂ ಉಂಟು."

ಮಾಸ್ತರರು ಕಿಟಕಿಗೆ ಓಡಿ ಬಾಯಲ್ಲಿದ್ದುದನ್ನು ಕಾಲುವೆಗೆ ಉಗಿದರು. ಮತ್ತೆ ಮತ್ತೆ ಉಗಿದರು. ತಿರುಗಿದಾಗ ಕಣ್ಣಲ್ಲಿ ನೀರು. "ಅದಕ್ಕೆ ಬಿಡೇ ಅಂತಾರೆ ಮಾರಾಯಾ. ಕಮೋಡಿಂದ ಎದ್ದವರು ಅದರ ಮೇಲೆ ಕೂತು ತೊಳ್ಕೊಳ್ಳುವುದು. ಹಿಂದೆ! ಗೊತ್ತಾಯ್ತಾ? ಎಷ್ಟು ಸಾವಿರ ಜನ ಕೂತಿದ್ದಾರೋ ಅದರ ಮೇಲೆ!"

ಇಸ್ಮಾಯಿಲ್ ಮಂಚದ ಮೇಲೆ ಬಿದ್ದು ಹೊರಳಾಡಿ ನಕ್ಕ. ಪ್ರೇಮನಾಥ ನಗಲಿಲ್ಲ. ಬಾಯಿ ಮುಕ್ಕಳಿಸಿದ್ದು ನೆನಪಾಯಿತು. ಅದರ ಹಿಂದೆಯೇ ಮನೆಯ ಬೇಸಿನ್ನು, ಅದರಲ್ಲಿ ಬೆಳ್ಳಗೆ ಉಬ್ಬಿ ಕೂತ ಉದ್ದು, ಎಂಟು ವರ್ಷದ ದೋಸೆ ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಮನೆಯದು ಹೊಸ ಪಿಂಗಾಣಿ, ಅದರ ಮೇಲೆ ಯಾರೂ ಕೂತವರಲ್ಲ ಎಂದು ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಾಗಲಿಲ್ಲ. ಉಳಿದ ಎರಡು ದಿನ ಅವನು ಏನು ನೋಡಿದನೋ ಅವನಿಗೇ ನೆನಪಿಲ್ಲ. ವಿಮಾನದಲ್ಲಿ ಕೊಟ್ಟದ್ದನ್ನೂ ಮುಟ್ಟಲಿಲ್ಲ.

ಮನೆಗೆ ಬಂದಾಗ ಲೋಲಾಕ್ಷಿ ಕಾವಲಿ ಇಟ್ಟು ಕಾದಿದ್ದಳು. "ಬಾ ಮಗಾ, ಬಿಸಿ ಬಿಸಿ ತಿನ್ನು. ಎಷ್ಟು ಬಡಕಲಾಗಿದ್ದೀ!"

"ಹಸಿವಿಲ್ಲ ಅಮ್ಮ."

"ನಾಲ್ಕು ದಿನ ಬ್ರೆಡ್ ತಿಂದು ಬಂದವನಿಗೆ ಹಸಿವಿಲ್ವಾ? ಅಲ್ಲಿನ ಯಾವಳಾದರೂ ಏನಾದರೂ ತಿನ್ನಿಸಿ ಕಳಿಸಿದಳಾ?" ಎನ್ನುತ್ತ ಅವಳು ಮರುದಿನಕ್ಕೆ ನೆನೆಸಿದ ಅಕ್ಕಿಯೊಳಗೆ ಕೈ ಆಡಿಸಿದಳು, ಆ ಬೇಸಿನ್ನಿನಲ್ಲೇ. ಅವನು ಬಚ್ಚಲಿಗೆ ಓಡಿದ.

ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅಂಥ ಮಾತನ್ನು ಅಮ್ಮನ ಎದುರು ಆಡುವುದು ಹೇಗೆ? ಮೊದಲು ಅಪ್ಪನಿಗೆ ಹೇಳಬೇಕು. ಪಾಪ, ಅಪ್ಪನಿಗೆ ಗೊತ್ತಿಲ್ಲ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾನೋ ಎಂದು ಪದಗಳನ್ನು ಜೋಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸಂಕಪ್ಪನೇ ಹೇಳಿದ, "ಶುಕ್ರವಾರ ನನ್ನ ಜೊತೆ ಸುವೈಕ್‌ಗೆ ಬಾ. ಕುಂಞಮ್ಮದ್ ಬ್ಯಾರಿ ಹೊಸ ಹೋಟೆಲು ಹಾಕಿದ್ದಾರೆ. ಕೊನೆಯ ಆರು ಬೇಸಿನ್ ಅಲ್ಲಿಗೆ."

ಆ ಹೋಟೆಲಿನಲ್ಲಿ ಇಲ್ಲಿನ ಅರಬರ ಪದ್ಧತಿಯಂತೆ ನೆಲಕ್ಕೆ ಚಾಪೆ ಹಾಸಿ, ಸುತ್ತ ಕೂತು ಒಂದೇ ದೊಡ್ಡ ತಟ್ಟೆಯಿಂದ ಉಣ್ಣುವುದಕ್ಕೆ ಆರು ಪುಟ್ಟ ಕೋಣೆಗಳಿದ್ದವು. ಪ್ರತಿ ಕೋಣೆಗೊಂದು ತಗ್ಗಿನ ಬೇಸಿನ್ ಇದ್ದರೆ ಗಿರಾಕಿ ಏಳದೆಯೇ ಕೈ ತೊಳೆಯಬಹುದು. ಇದು ಸಂಕಪ್ಪನ ಉಪಾಯ.

ಪಿಕಪ್ಪು ಕರಾವಳಿಯ ಬಾತಿನಾ ದಾರಿ ಹಿಡಿದ ಮೇಲೆ ಪ್ರೇಮನಾಥ ಕಿಟಕಿಯ ಕಡೆ ಮುಖ ಮಾಡಿ ಹೇಳಿದ, "ಅಪ್ಪಾ, ಅದು ಕಾಲು ತೊಳೆಯುವುದಲ್ಲ."

"ಗೊತ್ತು."

ಹುಡುಗ ತಿರುಗಿ ನೋಡಿದ. ಅಪ್ಪ ಆರಾಮವಾಗಿ ಸ್ಟೇರಿಂಗ್ ಹಿಡಿದಿದ್ದ.

"ಯಾವಾಗಿನಿಂದ?"

"ಮಾಲು ಇಳಿದ ದಿನದಿಂದ. ಪೆಟ್ಟಿಗೆಯ ಮೇಲೆ ಚಿತ್ರ ಇತ್ತಲ್ಲ. ನಾನೇ ಹರಿದು ಬಿಸಾಡಿದೆ."

"ಅಮ್ಮನಿಗೆ?"

"ಅವಳಿಗೆ ಯಾಕೆ? ಹೊಸ ಪಿಂಗಾಣಿ. ಯಾವುದಕ್ಕೆ ಮಾಡಿದ್ದು ಅಂತ ಅದಕ್ಕೇನು ಗೊತ್ತು?" ಸಂಕಪ್ಪ ಸ್ವಲ್ಪ ನಕ್ಕ. ಆಮೇಲೆ ದನಿ ತಗ್ಗಿಸಿದ. "ಕೇಳು. ಈ ಆರು ಇವತ್ತು ಹೋಗದಿದ್ದರೆ ಕಫೀಲ್ ನನ್ನನ್ನು ದೂರದ ಸೊಹಾರಿನ ಗೋದಾಮಿಗೆ ಹಾಕ್ತಾನೆ. ಬ್ಯಾರಿಗೆ ಇನ್ನೂ ಅನುಮಾನ ಉಂಟು. ನೀನು ಇಟಲಿಯಲ್ಲಿ ಮನೆಮನೆಯಲ್ಲೂ ಇದು ಉಂಟು ಅಂತ ಹೇಳು, ಸಾಕು. ಸುಳ್ಳೇನಲ್ಲವಲ್ಲ?"

ಸುಳ್ಳಲ್ಲ. ಅದೇ ಅವನಿಗೆ ಹೆಚ್ಚು ಹೇಸಿಗೆಯಾದದ್ದು. ಕಾಲುವೆಯ ಕೆಸರಿಗಿಂತ, ತೇಲುವ ಪಾರಿವಾಳಕ್ಕಿಂತ ಹೆಚ್ಚು. ಎಂಟು ವರ್ಷ ಅದೇ ದೋಸೆಯನ್ನು ಅಪ್ಪನೂ ತಿಂದಿದ್ದ, ಗೊತ್ತಿದ್ದೂ ತಿಂದಿದ್ದ, ಚಟ್ನಿ ಹಾಕು ಎಂದು ಕೇಳಿ ತಿಂದಿದ್ದ.

ಸುವೈಕ್‌ನಲ್ಲಿ ಕುಂಞಮ್ಮದ್ ಬ್ಯಾರಿ ಬಾಗಿಲಲ್ಲೇ ಎದುರುಗೊಂಡರು. ತೂಕದ ಮನುಷ್ಯ, ಗಡ್ಡಕ್ಕೆ ಮದರಂಗಿ. "ಬನ್ನಿ ಸಂಕಪ್ಪಣ್ಣ. ಇವನೇನಾ ಇಟಲಿಯ ದೊರೆ?" ಕೋಣೆಗಳಲ್ಲಿ ಹೊಸ ಚಾಪೆ ಹಾಸಿತ್ತು. ಒಳಗಿನಿಂದ ಬಿರಿಯಾನಿಯ ಘಮ. ಮೊದಲ ಬೇಸಿನ್ನನ್ನು ಚಾಪೆಯ ಪಕ್ಕದಲ್ಲಿ ಇಟ್ಟು ನೋಡಿದರು. ಬ್ಯಾರಿ ಕೂತು ಕೈ ಚಾಚಿ ಅಳತೆ ನೋಡಿ, "ಭಾರಿ ಲಾಯ್ಕುಂಟು" ಎಂದರು. ಸಂಕಪ್ಪ ಮಗನ ಬೆನ್ನಿಗೆ ಮೆಲ್ಲನೆ ತಿವಿದ.

"ಇಟಲಿಯಲ್ಲಿ... ಎಲ್ಲಾ ಕಡೆ ಉಂಟು, ಕಾಕಾ" ಎಂದ ಪ್ರೇಮನಾಥ.

"ಹೌದಾ? ಅಲ್ಲಿಯೂ ಊಟದ ಕೋಣೆಯಲ್ಲೇ ಇಡ್ತಾರಾ?"

"ಇಲ್ಲ."

"ಮತ್ತೆ? ಅವರು ಇದರಲ್ಲಿ ಎಂಥ ತೊಳೆಯುವುದು?"

ಅಪ್ಪನ ಬೆರಳು ಬೆನ್ನಿನ ಮೇಲೆ ಒತ್ತಿತು. ಬ್ಯಾರಿಯ ಕೈ ಇನ್ನೂ ಬೇಸಿನ್ನಿನೊಳಗೇ ಇತ್ತು. ಆ ಕೈಯಿಂದ ಅವರು ಇನ್ನು ಸ್ವಲ್ಪ ಹೊತ್ತಿಗೆ ಬಿರಿಯಾನಿ ಉಣ್ಣುತ್ತಾರೆ ಎಂದು ಹುಡುಗನಿಗೆ ಹೊಳೆಯಿತು. ಜೋಡಿಸಿಕೊಂಡಿದ್ದ ಮರ್ಯಾದೆಯ ಪದಗಳೆಲ್ಲ ಮರೆತುಹೋದವು.

"ಕುಂಡೆ, ಕಾಕಾ."

ಅಡುಗೆಮನೆಯಲ್ಲಿ ಸೌಟು ನಿಂತಿತು. ಬ್ಯಾರಿ ಕೈಯನ್ನು ನಿಧಾನವಾಗಿ ಹೊರಗೆ ತೆಗೆದು, ದೂರ ಹಿಡಿದು ಎದ್ದರು. ಬೈಯಲಿಲ್ಲ. "ಸಂಕಪ್ಪಣ್ಣಾ, ನನ್ನ ಗಿರಾಕಿಗಳ ಊಟದ ಕೈಯನ್ನು ಇದರಲ್ಲಿ ತೊಳೆಸಲಿಕ್ಕೆ ಹೊರಟಿದ್ರಾ?" ಎಂದರು.

"ಹೊಸ ಮಾಲು ಬ್ಯಾರಿಗಳೇ, ಯಾರೂ ಮುಟ್ಟಿದ್ದಲ್ಲ..."

"ಖಲಾಸ್. ಯಲ್ಲಾ, ಬೇಗ, ಎತ್ತಿ ಹಾಕಿ ಗಾಡಿಗೆ!" ಎಂದು ಕೆಲಸದವರಿಗೆ ಹೇಳಿ ಬ್ಯಾರಿ ಸೋಪು ಹುಡುಕಿಕೊಂಡು ಹೋದರು.

ವಾಪಸು ಬರುವಾಗ ಬೇಸಿನ್ನುಗಳು ಹಿಂದೆ ಕಟಕಟ ಎನ್ನುತ್ತಿದ್ದವು. ಸಂಕಪ್ಪ ಮತ್ರಾ ತಲುಪುವವರೆಗೆ ಆಡಿದ್ದು ಒಂದೇ ಮಾತು, "ನಿನ್ನನ್ನು ಇಟಲಿಗೆ ಕಳಿಸಬಾರದಿತ್ತು." ಮುಂದಿನ ತಿಂಗಳು ಅವನನ್ನು ಸೊಹಾರಿಗೆ ಹಾಕಿದರು. ವಾರಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಮನೆಗೆ ಬರುವುದಾಯಿತು.

ಅಮ್ಮನಿಗೂ ಪ್ರೇಮನಾಥನೇ ಹೇಳಿದ. ಈ ಸಲ ಕಷ್ಟವಾಗಲಿಲ್ಲ. ಲೋಲಾಕ್ಷಿ "ಇಶ್ಶೀ!" ಎಂದು ನೆನೆಸಿದ್ದ ಅಕ್ಕಿಯನ್ನು ಹೊರಗೆ ಚೆಲ್ಲಿದಳು, ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿದಳು, ಗಂಡನೊಡನೆ ಒಂದು ತಿಂಗಳು ಮಾತು ಬಿಟ್ಟಳು.

ಶಾಲೆಯಲ್ಲಿ ಇಸ್ಮಾಯಿಲ್ ಸೇಬಿನ ಕಥೆಯನ್ನು ಎಲ್ಲರಿಗೂ ಹಂಚಿದ್ದ. ಪ್ರೇಮನಾಥ ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ "ಆ್ಯಪಲ್, ಆ್ಯಪಲ್" ಎಂಬ ಕೂಗು. ಆಂಡ್ರ್ಯೂ ಮಾಸ್ತರರೂ ಅವನ ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಮೊದಲೇ ನಾಚಿಕೆಯ ಹುಡುಗ, ಹತ್ತನೆಯ ಪರೀಕ್ಷೆಗೆ ಕೂರಲೇ ಇಲ್ಲ. ಒಂದು ದಿನ ಕುಂಞಮ್ಮದ್ ಬ್ಯಾರಿ ಹೇಳಿಕಳಿಸಿದರು. ಹೋಟೆಲಿಗೆ ಕೊಳೆ ಕಂಡರೆ ಬಾಯಿಬಿಟ್ಟು ಹೇಳುವ ಒಬ್ಬ ಜನ ಬೇಕು, ಓದು ಬೇಡವಾದರೆ ಬರಲಿ ಎಂದು. ಹೋದವನು ಅಲ್ಲೇ ಉಳಿದ. ಆರು ಕೋಣೆಗಳಿಗೂ ಈಗ ಸ್ಟೀಲಿನ ಬೋಗುಣಿ, ಹೂಜಿ. ದಿನಕ್ಕೆ ಮೂರು ಸಲ ಅವನೇ ಉಜ್ಜುತ್ತಾನೆ.

ತಿಂಗಳಿಗೊಮ್ಮೆ ಮತ್ರಾಕ್ಕೆ ಹೋಗುತ್ತಾನೆ. ಆ ಬೇಸಿನ್ನು ಬಿಸಾಡಲು ಮನಸ್ಸು ಬಾರದೆ ಲೋಲಾಕ್ಷಿ ಅದನ್ನು ಟೆರೇಸಿಗೆ ಎಳೆದೊಯ್ದು, ಮಣ್ಣು ತುಂಬಿ ಬಸಳೆ ನೆಟ್ಟಿದ್ದಾಳೆ. ದಪ್ಪ ದಪ್ಪ ಎಲೆ, ಬೆರಳು ಗಾತ್ರದ ದಂಟು. ಆ ಓಣಿಯಲ್ಲಿ ಅಂಥ ಬಸಳೆ ಇನ್ನೊಂದಿಲ್ಲ. ಹೆಂಡತಿ ಅದಕ್ಕೆ ಸಿಗಡಿ ಹಾಕಿ ಪದಾರ್ಥ ಮಾಡಿದರೆ ಸಂಕಪ್ಪ ಬೆರಳು ಚೀಪುತ್ತಾ ಮಗನನ್ನು ನೋಡುತ್ತಾನೆ.

"ಆರು ವರ್ಷ ಆಯ್ತು ಮಾರಾಯಾ. ಮೇಲೆ ಇಷ್ಟು ಮಣ್ಣು ಉಂಟು. ಇನ್ನೂ ಎಂಥ ನಿನ್ನದು?"

ಪ್ರೇಮನಾಥ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಾನೆ.

"ಅಮ್ಮ, ನನಗೆ ಉಪ್ಪಿನಕಾಯಿ ಸಾಕು."